ಕಾವೇರಿಯ ಲೆಕ್ಕದಲ್ಲಿ ಮೀನಿನ ಪಾಲು

ಕೊಡಗಿನಲ್ಲಿ ಮುಂಗಾರು ಹಿಡಿದ ಸುದ್ದಿ ಒಂದು ಕಾಲಕ್ಕೆ ಬಂಗಾಳ ಕೊಲ್ಲಿಯ ಮೀನಿಗೂ ತಲುಪುತ್ತಿತ್ತು. ಜೂನ್, ಜುಲೈ ತಿಂಗಳಲ್ಲಿ ತಮಿಳುನಾಡಿನ ಕಾವೇರಿ ಬಯಲಿನಲ್ಲಿ ಹೇಳಿಕೊಳ್ಳುವಂಥ ಮಳೆ ಇರುವುದಿಲ್ಲ. ಅಲ್ಲಿ ಮಳೆ ಬೀಳುವುದು ಮುಖ್ಯವಾಗಿ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ. ಆದರೂ ಅಲ್ಲಿನ ನದಿ ಆಷಾಢದಲ್ಲೇ ಕೆಂಪಾಗಿ ಉಕ್ಕುತ್ತಿತ್ತು. ಆ ನೀರು ಪಶ್ಚಿಮ ಘಟ್ಟದಿಂದ ಇಳಿದು ಬಂದದ್ದು. ಸಿಹಿನೀರಿನ ಈ ಹೊಸ ಪ್ರವಾಹ ಸಮುದ್ರ ಸೇರುತ್ತಿದ್ದಂತೆ ಹಿಲ್ಸಾ ಮೀನು ಮೊಟ್ಟೆಯಿಡಲು ಅಳಿವೆಯ ಮೂಲಕ ನದಿಯನ್ನು ಏರುತ್ತಿತ್ತು. ಬಂಗಾಳಿಗಳು ಇಲಿಶ್ ಎಂದೂ ತೆಲುಗರು ಪುಲಸ ಎಂದೂ ಕರೆದು ಮೆಚ್ಚಿ ತಿನ್ನುವ ಮೀನು ಇದೇ. ಅದು ಬರುವ ಹೊತ್ತಿಗೆ ಬೆಸ್ತರು ಬಲೆ ಹಿಡಿದು ಕಾದಿರುತ್ತಿದ್ದರು.

ಈಗ ಕಾವೇರಿಯಲ್ಲಿ ಎಷ್ಟು ನೀರು ಹರಿಯಬೇಕು ಎಂಬುದನ್ನು ಮೋಡ ಮಾತ್ರವೇ ನಿರ್ಧರಿಸುವುದಿಲ್ಲ. ಅಣೆಕಟ್ಟಿನ ಬಾಗಿಲು ನಿರ್ಧರಿಸುತ್ತದೆ. ಆ ಬಾಗಿಲನ್ನು ಯಾವಾಗ, ಎಷ್ಟು ತೆರೆಯಬೇಕು ಎಂಬ ಜಗಳದಲ್ಲಿ ರೈತನಿದ್ದಾನೆ, ನಗರವಿದೆ, ವಿದ್ಯುತ್ತಿದೆ. ಅದೇ ನೀರನ್ನು ನಂಬಿದ್ದ ಮೀನು ಮತ್ತು ಅದನ್ನು ಹಿಡಿದು ಬದುಕುತ್ತಿದ್ದವರ ಕಥೆ ಮಾತ್ರ ಬದಿಗೆ ಉಳಿದಿದೆ.

ಮೊದಲು ಬಂದದ್ದು ಒಡ್ಡು

ಕಾವೇರಿಗೆ ಕಟ್ಟೆ ಹೊಸದಲ್ಲ. ಕರಿಕಾಲ ಚೋಳನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕಲ್ಲಣೈ ಬಹಳ ಪ್ರಾಚೀನವಾದುದು. ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ 1836ರ ವೇಳೆಗೆ ಕಾವೇರಿಯ ದೊಡ್ಡ ಕವಲಾದ ಕೊಳ್ಳಿಡಂಗೆ ಮೇಲೊಂದು, ಕೆಳಗೊಂದು ಒಡ್ಡು ಹಾಕಿಸಿದ. ಇದರಿಂದ ತಂಜಾವೂರಿನ ಗದ್ದೆಗಳಿಗೆ ನೀರು ಖಚಿತವಾಯಿತು. ಸಮುದ್ರದಿಂದ ಏರಿ ಬರುವ ಮೀನಿಗೆ ಮಾತ್ರ ಎದುರಿಗೆ ಗೋಡೆ ಬಂತು.

ಇದನ್ನು ಗಮನಿಸಿ ಬರೆದವನು ಮದ್ರಾಸ್ ಸೈನ್ಯದ ವೈದ್ಯ ಫ್ರಾನ್ಸಿಸ್ ಡೇ. ಭಾರತದ ಮೀನುಗಳ ಅಧ್ಯಯನಕ್ಕೆ ತಳಪಾಯ ಹಾಕಿದ ಈತ 1873ರಲ್ಲಿ ಸಿಹಿನೀರಿನ ಮೀನುಗಾರಿಕೆ ಕುರಿತು ಸರ್ಕಾರಕ್ಕೆ ದೊಡ್ಡ ವರದಿಯನ್ನೇ ಕೊಟ್ಟ. ಒಡ್ಡು ದಾಟಲಾಗದ ಮೀನುಗಳು ಅದರ ಬುಡದಲ್ಲಿ ಗುಂಪುಗೂಡುತ್ತವೆ, ಅಲ್ಲಿ ಅವುಗಳನ್ನು ರಾಶಿ ರಾಶಿಯಾಗಿ ಹಿಡಿಯಲಾಗುತ್ತದೆ, ಮೊಟ್ಟೆಯಿಡುವ ಮುನ್ನವೇ ಸಂತತಿ ಮುಗಿಯುತ್ತದೆ ಎಂಬುದು ಅವನ ಆತಂಕವಾಗಿತ್ತು. ಮೀನು ಹತ್ತಿ ಹೋಗಲು ಒಡ್ಡಿನಲ್ಲಿ ದಾರಿ ಬಿಡಬೇಕೆಂದು ಅವನು ವಾದಿಸಿದ. ಮುಂದೆ ಕೆಳಗಿನ ಒಡ್ಡಿಗೆ ಮೆಟ್ಟಿಲಿನಂಥ ಮೀನಿನ ದಾರಿಯೂ ಬಂತು. ಹಿಲ್ಸಾ ಮಟ್ಟಿಗೆ ಅದು ಫಲ ಕೊಡಲಿಲ್ಲ.

ಇಷ್ಟಾದರೂ ಹಿಲ್ಸಾ ಪೂರ್ತಿ ಅಳಿಯಲಿಲ್ಲ. ಏಕೆ? ಒಡ್ಡು ಮೀನನ್ನು ತಡೆಯುತ್ತಿತ್ತೇ ಹೊರತು ಪ್ರವಾಹವನ್ನಲ್ಲ. ಮಳೆಗಾಲದ ಹೆಚ್ಚುವರಿ ನೀರು ಅದರ ತಲೆಯ ಮೇಲಿಂದ ಹರಿದು ಸಮುದ್ರ ಸೇರುತ್ತಲೇ ಇತ್ತು. ನದಿಯ ಕರೆ ಮೀನಿಗೆ ಕೇಳಿಸುತ್ತಲೇ ಇತ್ತು.

ಮೆಟ್ಟೂರು ಮಾಡಿದ ಬದಲಾವಣೆ

ಆ ಕರೆ ನಿಂತದ್ದು ಮೆಟ್ಟೂರಿನಲ್ಲಿ. ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ 1924ರಲ್ಲಿ ಒಪ್ಪಂದವಾದ ಮರುವರ್ಷವೇ ಅಲ್ಲಿ ಕೆಲಸ ಶುರುವಾಯಿತು. 1934ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಅದರ ಸಾಮರ್ಥ್ಯ 93.47 ಟಿಎಂಸಿ ಅಡಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ ನೀರು. ಕರ್ನಾಟಕದ ಮುಂಗಾರಿನ ಮೊದಲ ಪ್ರವಾಹ ಈ ಹೊಟ್ಟೆ ಸೇರತೊಡಗಿತು. ಕುರುವೈ ಬೆಳೆಗೆಂದು ವಾಡಿಕೆಯಂತೆ ಜೂನ್ 12ರಂದು ಬಾಗಿಲು ತೆರೆದರೂ ಆ ನೀರು ಕಾಲುವೆ ಹಿಡಿಯುತ್ತದೆ. ಸಮುದ್ರ ಮುಟ್ಟುವುದು ಕಡಿಮೆ. ಮೆಟ್ಟೂರಿನ ನಂತರ ಕಾವೇರಿಯ ಹಿಲ್ಸಾ ಮೀನುಗಾರಿಕೆ ಕುಸಿಯಿತು. ಗಂಗೆಯಲ್ಲೂ ಹೀಗೇ ಆಯಿತು. ಒಂದು ಕಾಲಕ್ಕೆ ಅಲಹಾಬಾದಿನವರೆಗೆ ಏರುತ್ತಿದ್ದ ಹಿಲ್ಸಾ, 1975ರಲ್ಲಿ ಫರಕ್ಕಾ ಬ್ಯಾರೇಜು ಬಳಕೆಗೆ ಬಂದ ಮೇಲೆ ಮೇಲಿನ ಗಂಗೆಯಲ್ಲಿ ಅಪರೂಪವಾಯಿತು.

ಹಾಗೆಂದು ಮೆಟ್ಟೂರಿನಲ್ಲಿ ಮೀನಿಲ್ಲವೆಂದಲ್ಲ. ಜಲಾಶಯದ ನಿಂತ ನೀರಿನಲ್ಲಿ ಕಾವೇರಿಯದಲ್ಲದ ಕಾಟ್ಲಾ ಮುಂತಾದ ಮೀನುಗಳ ಮರಿ ಬಿಟ್ಟು ಬೆಳೆಸಲಾಯಿತು. ಮೀನಿನ ಒಟ್ಟು ತೂಕ ಲೆಕ್ಕ ಹಾಕುವವರಿಗೆ ಇಲ್ಲಿ ನಷ್ಟ ಕಾಣಿಸದೇ ಇರಬಹುದು. ಆದರೆ ಅಣೆಕಟ್ಟಿನ ಮೇಲಿನ ಕೆರೆಯಲ್ಲಿ ಸಿಕ್ಕ ಮೀನು ಕೆಳಗಿನ ಹೊಳೆಯ ಬೆಸ್ತನ ಬಲೆಗೆ ಬರುವುದಿಲ್ಲ.

ಕನ್ನಂಬಾಡಿಯ ಕೆಳಗೆ

ಮೈಸೂರು ಸೀಮೆಯ ಕಥೆ ಸ್ವಲ್ಪ ಬೇರೆ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ಆದರೆ ಬೇಸಿಗೆಯಲ್ಲಿ ಹೊಳೆ ಬಡವಾದಾಗ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ, ಕನ್ನಂಬಾಡಿಯಲ್ಲಿ ಕೆಲಸ ಆರಂಭವಾದಾಗ ನೀರಾವರಿಯ ಜೊತೆಗೆ ಈ ಕೊರತೆ ನೀಗುವುದೂ ಒಂದು ಉದ್ದೇಶವಾಗಿತ್ತು. ಅಂದರೆ ಕೃಷ್ಣರಾಜಸಾಗರ ಮಳೆಗಾಲದ ನೀರನ್ನು ಹಿಡಿದಿಟ್ಟಿತು, ಬೇಸಿಗೆಯಲ್ಲಿ ಬಿಟ್ಟಿತು. ನದಿಯ ಏರಿಳಿತವೇ ಬದಲಾಯಿತು. ಕಬಿನಿ, ಹೇಮಾವತಿ, ಹಾರಂಗಿಗಳಿಗೂ ಮುಂದೆ ಅಣೆಕಟ್ಟುಗಳು ಬಂದವು.

ಶಿವನಸಮುದ್ರದ ಕೆಳಗೆ ಭೀಮೇಶ್ವರಿ, ಗಾಳಿಬೋರೆ, ಸಂಗಮ, ಮೇಕೆದಾಟುಗಳವರೆಗೆ ಕಾವೇರಿ ಕಾಡಿನ ನಡುವೆ ಬಂಡೆಗಳನ್ನು ಸೀಳಿ ಹರಿಯುತ್ತದೆ. ನಮ್ಮವರು ಬಿಳಿಮೀನು ಎನ್ನುವ ಮಹಸೀರ್‌ನ ನೆಲೆ ಇದು. ಕಾವೇರಿ ಸೀಮೆಯ ಈ ಮೀನಿನ ಗಾತ್ರಕ್ಕೆ ಒಂದು ಉದಾಹರಣೆ: 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅದನ್ನು ಹಿಡಿಯಲು ಗಾಳಕ್ಕೆ ಸಿಕ್ಕಿಸುತ್ತಿದ್ದುದು ಬಹುಮಟ್ಟಿಗೆ ನಮ್ಮ ರಾಗಿಮುದ್ದೆಯ ಉಂಡೆಯನ್ನೇ!

ಇಲ್ಲಿ ಗಾಳ ಹಾಕುವವರು ಮೊದಲು ನೋಡುತ್ತಿದ್ದುದು ಮೀನನ್ನಲ್ಲ, ನೀರಿನ ಮಟ್ಟವನ್ನು. ಬೇಸಿಗೆಯ ತಿಳಿನೀರು ಅವರಿಗೆ ಒಳ್ಳೆಯ ಕಾಲ. ಮೇಲಿನಿಂದ ನೀರು ಬಿಟ್ಟರೆ ಹೊಳೆ ಕದಡುತ್ತದೆ, ನಿನ್ನೆ ನಿಂತಿದ್ದ ಬಂಡೆ ಇಂದು ಮುಳುಗಿರುತ್ತದೆ. ನೀರು ತೀರ ಇಳಿದರೂ ಅಪಾಯವೇ. ಮೀನುಗಳೆಲ್ಲ ಕೆಲವೇ ಮಡುಗಳಲ್ಲಿ ಸೇರಿಕೊಳ್ಳುತ್ತವೆ. ಅಲ್ಲಿಗೆ ಒಂದು ಸಿಡಿಮದ್ದು ಎಸೆದರೆ ಮರಿಯಿಂದ ಮುದಿ ಮೀನಿನವರೆಗೆ ಎಲ್ಲವೂ ಸತ್ತು ತೇಲುತ್ತವೆ. ಈ ಪಿಡುಗನ್ನು ತಡೆಯಲೆಂದೇ 1970ರ ದಶಕದ ನಂತರ ಹವ್ಯಾಸಿ ಗಾಳಗಾರರ ಸಂಘಟನೆಗಳು ನದಿಯ ಕೆಲವು ಭಾಗಗಳನ್ನು ಗುತ್ತಿಗೆಗೆ ಪಡೆದವು. ಹಿಂದೆ ಕದ್ದು ಮೀನು ಹೊಡೆಯುತ್ತಿದ್ದ ಸ್ಥಳೀಯರಲ್ಲಿ ಕೆಲವರು ಕಾವಲುಗಾರರೂ ಮಾರ್ಗದರ್ಶಕರೂ ಆದರು. ಹಿಡಿದ ಮೀನನ್ನು ತೂಗಿ, ದಾಖಲಿಸಿ, ಮತ್ತೆ ನೀರಿಗೆ ಬಿಡುವ ಪದ್ಧತಿ ಬೆಳೆಯಿತು. ವನ್ಯಜೀವಿ ಕಾಯ್ದೆಯ ಕಾರಣದಿಂದ 2012ರ ಹೊತ್ತಿಗೆ ಅಭಯಾರಣ್ಯದೊಳಗಿನ ಈ ಗಾಳವೂ ನಿಂತಿತು.

ಆ ದಾಖಲೆಗಳನ್ನು ವಿಜ್ಞಾನಿಗಳು ಮುಂದೆ ತೆಗೆದು ನೋಡಿದಾಗ ಸಂತಸ ಮತ್ತು ಆತಂಕ ಎರಡೂ ಕಂಡವು. ಗಾಳಿಬೋರೆಯಲ್ಲಿ ಸಿಗುವ ಮಹಸೀರ್‌ಗಳ ಸಂಖ್ಯೆ ಹೆಚ್ಚಿತ್ತು. ಆದರೆ ಅವು ಬಹುಪಾಲು ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿಯವು. ಕಾವೇರಿಯದೇ ಆದ, ಬೆನ್ನು ಗೂನಾದ ದೈತ್ಯ ಜಾತಿ ವಿರಳವಾಗುತ್ತಾ ಬಂದಿತ್ತು. 2018ರಲ್ಲಿ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾಯಿತು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನೂ ಸೇರಿತು. ಇದಕ್ಕೆ ಅಣೆಕಟ್ಟು ಒಂದೇ ಕಾರಣವಲ್ಲ. ಹೊರಗಿನ ಜಾತಿಯ ಪೈಪೋಟಿ, ಸಿಡಿಮದ್ದು, ಮರಳು ಗಣಿಗಾರಿಕೆ, ಅರ್ಕಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆ ಎಲ್ಲವೂ ಸೇರಿವೆ.

ತಿಂಗಳ ಲೆಕ್ಕ

ಇಂದು ಈ ಹರಿವಿಗೆ ಒಂದು ಕಾನೂನಿನ ಪಂಚಾಂಗವಿದೆ. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನೀಡಿದ ತೀರ್ಪಿನಂತೆ ಕರ್ನಾಟಕ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ 177.25 ಟಿಎಂಸಿ ನೀರು ಹರಿಸಬೇಕು. ಆಗಸ್ಟ್ ತಿಂಗಳ ಪಾಲು 45.95 ಟಿಎಂಸಿ. ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ತಲಾ 2.5 ಟಿಎಂಸಿ. ದಿನದ ಸರಾಸರಿ ತೆಗೆದರೆ ಆಗಸ್ಟ್‌ನಲ್ಲಿ ಸುಮಾರು 17,000 ಕ್ಯೂಸೆಕ್, ಬೇಸಿಗೆಯಲ್ಲಿ ಸಾವಿರಕ್ಕೂ ತುಸು ಕಡಿಮೆ. ಕಾವೇರಿಯ ಒಟ್ಟು 740 ಟಿಎಂಸಿ ಲೆಕ್ಕದಲ್ಲಿ ಪರಿಸರಕ್ಕೆಂದು ಮೀಸಲಾದದ್ದು 10 ಟಿಎಂಸಿ.

ಆದರೆ ವಾಸ್ತವದ ನದಿ ಸರಾಸರಿಯಂತೆ ಹರಿಯುವುದಿಲ್ಲ. ಬರದ 2023ರಲ್ಲಿ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ 15 ದಿನಕ್ಕೊಮ್ಮೆ 5,000 ಕ್ಯೂಸೆಕ್‌ನ ಆದೇಶಕ್ಕಾಗಿ ಎರಡು ರಾಜ್ಯಗಳು ಸೆಣಸಿದವು. ಮರುವರ್ಷ ಜುಲೈ ಕೊನೆಯಲ್ಲಿ ಅದೇ ಹೊಳೆಯಲ್ಲಿ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯಿತು. ಬಾಗಿಲು ತೆರೆಯುವ ಮುನ್ನ ನದಿಪಾತ್ರದ ಜನರಿಗೆ ಎಚ್ಚರಿಕೆ ಕೊಡುತ್ತಾರೆ. ಬೆಸ್ತರು ಹರಿಗೋಲು, ಬಲೆ ಮೇಲಕ್ಕೆಳೆದುಕೊಳ್ಳುತ್ತಾರೆ. ಬಾಗಿಲು ಮುಚ್ಚುವಾಗ ಮಾತ್ರ ಯಾರಿಗೂ ಎಚ್ಚರಿಕೆ ಬೇಕಿಲ್ಲ. ಅಂಚಿನ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮರಿಗಳೂ ಜಲ್ಲಿಕಲ್ಲಿನ ನಡುವೆ ಇಟ್ಟ ಮೊಟ್ಟೆಗಳೂ ಆಗ ಒಣಗುತ್ತವೆ.

ಬಾಗಿಲನ್ನು ನದಿಯ ಹಿತಕ್ಕೂ ತೆರೆಯಬಹುದೇ? ಅಮೆರಿಕದ ಕೊಲರಾಡೊ ನದಿಯಲ್ಲಿ ಇದರ ಪ್ರಯೋಗ ನಡೆದಿದೆ. ಅಲ್ಲಿನ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನಿಂದ 1996ರಲ್ಲಿ ಉದ್ದೇಶಪೂರ್ವಕವಾಗಿ ಕೃತಕ ಪ್ರವಾಹ ಬಿಟ್ಟು ಮರಳಿನ ದಂಡೆಗಳನ್ನು ಮತ್ತೆ ಕಟ್ಟಲು ಯತ್ನಿಸಲಾಯಿತು. 2018ರಿಂದ ಕೆಲವು ಬೇಸಿಗೆಗಳಲ್ಲಿ ಶನಿವಾರ, ಭಾನುವಾರ ನೀರನ್ನು ಏರಿಳಿತವಿಲ್ಲದೆ ತಗ್ಗಿನ ಮಟ್ಟದಲ್ಲಿ ಹರಿಸಲಾಯಿತು. ಮೀನಿಗೆ ಆಹಾರವಾದ ಕೀಟಗಳು ನೀರಂಚಿನಲ್ಲಿಟ್ಟ ಮೊಟ್ಟೆಗಳು ಒಣಗಬಾರದು ಎಂಬುದಷ್ಟೇ ಇದರ ಉದ್ದೇಶ. ವರ್ಷದಲ್ಲಿ ಬಿಡಬೇಕಾದ ಒಟ್ಟು ನೀರು ಅಷ್ಟೇ ಇತ್ತು. ಬದಲಾದದ್ದು ಹೊತ್ತು ಮತ್ತು ಬಗೆ.

ಕಾವೇರಿಗೂ ಈ ಮಾತು ಅನ್ವಯಿಸುತ್ತದೆ. ಕನ್ನಂಬಾಡಿ ಮತ್ತು ಮೆಟ್ಟೂರುಗಳ ನಡುವೆ ಹೊಳೆಯಾಗಿಯೇ ಉಳಿದಿರುವ ಭಾಗದ ದೊಡ್ಡ ಪಾಲು, ಕರ್ನಾಟಕ ಪ್ರಸ್ತಾಪಿಸಿರುವ 67.16 ಟಿಎಂಸಿಯ ಮೇಕೆದಾಟು ಜಲಾಶಯ ಬಂದರೆ ನಿಂತ ನೀರಾಗುತ್ತದೆ. ಬರದೇ ಹೋದರೂ ಬಾಗಿಲು ಮೇಲೆ ಇದ್ದೇ ಇದೆ. ಮೀನಿಗೆ ಹೆಚ್ಚು ನೀರು ಕೊಡಿ ಎಂದರೆ ಎರಡೂ ರಾಜ್ಯಗಳು ಒಪ್ಪಲಿಕ್ಕಿಲ್ಲ. ಕೊಡಲೇಬೇಕಾದ ನೀರನ್ನು ನಿಧಾನವಾಗಿ ಏರಿಸಿ, ನಿಧಾನವಾಗಿ ಇಳಿಸಿ ಎಂದರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಬಿಳಿಗುಂಡ್ಲುವಿನ ಮಾಪಕ ಎಷ್ಟು ನೀರು ದಾಟಿತು ಎಂಬುದನ್ನು ಪ್ರತಿದಿನ ಬರೆದಿಡುತ್ತದೆ. ಆ ನೀರಿನಲ್ಲಿ ಎಷ್ಟು ಜೀವ ದಾಟಿತು ಎಂಬ ಲೆಕ್ಕ ಇಡುವ ಕೆಲಸ ಇನ್ನೂ ಬಾಕಿ ಇದೆ.