ತಮ್ಮನ ದಿನಚರಿ, ಅಣ್ಣನ ಚಿತ್ರ

ಕಡೂರು, ತರೀಕೆರೆ ಕಡೆಯ ಹಳೆಯ ಮನೆಗಳಲ್ಲಿ ದೇವರ ಕೋಣೆಯ ಗೋಡೆಗೆ ರಾಜಾ ರವಿವರ್ಮನ ಲಕ್ಷ್ಮಿಯೋ ಸರಸ್ವತಿಯೋ ತೂಗುಹಾಕಿರುವುದುಂಟು. 1894ರಲ್ಲಿ ಅವನು ಮುಂಬಯಿಯಲ್ಲಿ ಆರಂಭಿಸಿದ ಕಲ್ಲಚ್ಚಿನ ಮುದ್ರಣಾಲಯ ಈ ಪಟಗಳನ್ನು ಊರೂರಿಗೆ ತಲುಪಿಸಿತು. ಹೀಗಾಗಿ ರವಿವರ್ಮನೆಂದರೆ ದೇವರ ಪಟ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಅವನ ವೃತ್ತಿಯ ಬೆನ್ನೆಲುಬು ಭಾವಚಿತ್ರ. 1885ರಲ್ಲಿ ಚಾಮರಾಜೇಂದ್ರ ಒಡೆಯರ ಕರೆಯಂತೆ ಮೈಸೂರಿಗೆ ಬಂದಾಗ ಬರೆದದ್ದೂ ರಾಜಮನೆತನದವರ ಭಾವಚಿತ್ರಗಳನ್ನೇ.

ಇಂಥ ಚಿತ್ರವೊಂದು ದಿನದಿಂದ ದಿನಕ್ಕೆ ಹೇಗೆ ಬೆಳೆಯುತ್ತಿತ್ತು? ಉತ್ತರ ದೊರೆಯುವುದು ರವಿವರ್ಮನಿಂದಲ್ಲ, ಅವನ ತಮ್ಮ ಸಿ. ರಾಜರಾಜವರ್ಮನಿಂದ. ಅಣ್ಣನೊಡನೆ ಸಂಸ್ಥಾನದಿಂದ ಸಂಸ್ಥಾನಕ್ಕೆ ಅಲೆಯುತ್ತಿದ್ದ ಈತ 1895ರಿಂದ 1904ರವರೆಗೆ ಇಂಗ್ಲಿಷಿನಲ್ಲಿ ದಿನಚರಿ ಬರೆದಿಟ್ಟ. ಯಾರು ಬಂದು ಕುಳಿತರು, ಯಾವ ಚಿತ್ರದ ಕೆಲಸ ಎಷ್ಟು ಸಾಗಿತು, ಯಾರ ಭೇಟಿಯಾಯಿತು ಎಂಬುದೆಲ್ಲ ಅದರಲ್ಲಿದೆ. ದೊಡ್ಡ ಕಲಾವಿದನ ಕೆಲಸವನ್ನು ದೈವಸ್ಫೂರ್ತಿಯೆಂದು ಬಣ್ಣಿಸುವ ನಮ್ಮ ಚಾಳಿಗೆ ಇದೊಂದು ಒಳ್ಳೆಯ ಔಷಧ. ಇಲ್ಲಿ ಕಾಣುವುದು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಕೂರುವ ಇಬ್ಬರು ಕಸುಬುದಾರರು.

ತೈಲವರ್ಣದ ಗುಣವೇ ಈ ದಿನಗಟ್ಟಲೆಯ ದುಡಿಮೆಗೆ ಕಾರಣ. ನಮ್ಮ ಸಾಂಪ್ರದಾಯಿಕ ಮೈಸೂರು ಶೈಲಿಯಲ್ಲಿ ಬಣ್ಣವನ್ನು ಗೋಂದಿನಲ್ಲಿ ಕಲಸುತ್ತಿದ್ದರು. ಅದು ಬೇಗ ಒಣಗುತ್ತದೆ. ತೈಲವರ್ಣವನ್ನು ಅರೆಯುವುದು ಅಗಸೆ ಎಣ್ಣೆಯಲ್ಲಿ. ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹೀಗಾಗಿ ನಿನ್ನೆ ಬರೆದ ಕೆನ್ನೆಯನ್ನು ಇಂದೂ ತಿದ್ದಬಹುದು, ನೆರಳನ್ನು ಬೆಳಕಿನೊಳಕ್ಕೆ ಮೆಲ್ಲಗೆ ಸವರಬಹುದು. ವಾಡಿಕೆಯ ಕ್ರಮದಲ್ಲಿ ಮೊದಲು ಇದ್ದಿಲಿನ ಗೆರೆ, ಮೇಲೆ ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣ, ಅದು ಒಣಗಿದ ಮೇಲೆ ಎಣ್ಣೆ ಹೆಚ್ಚಿರುವ ದಪ್ಪ ಪದರ. ಕ್ರಮ ತಲೆಕೆಳಗಾದರೆ ಮೇಲಿನದು ಮೊದಲು ಒಣಗಿ ಚಿತ್ರ ಬಿರಿಯುತ್ತದೆ. ಮಳೆಗಾಲದಲ್ಲಂತೂ ತಾಳ್ಮೆಯೇ ಬೇಕು.

ಕುಳಿತವರಿಗೂ ಅದು ಸುಲಭದ ಮಾತಲ್ಲ. ಮಹಾರಾಜರಿಗೆ ದಿನವೂ ಗಂಟೆಗಟ್ಟಲೆ ಅಲ್ಲಾಡದೆ ಕೂರಲು ಬಿಡುವೆಲ್ಲಿ? ಆಗ ನೆರವಿಗೆ ಬರುತ್ತಿದ್ದುದು ಫೋಟೋ. ತೀರಿಕೊಂಡವರ ಭಾವಚಿತ್ರಕ್ಕಂತೂ ಫೋಟೋವೇ ಆಧಾರ. ಆದರೆ ಎರಡೂ ಇಲ್ಲದ ಮುಖವೂ ಇರುತ್ತದಲ್ಲ! ಶಿಷ್ಯರೊಡನಿರುವ ಶಂಕರಾಚಾರ್ಯರನ್ನು ರವಿವರ್ಮ 1904ರಲ್ಲಿ ಬರೆದ. ಶೃಂಗೇರಿ ಆಗ ಕಡೂರು ಜಿಲ್ಲೆಗೆ ಸೇರಿತ್ತು. ಜಿಲ್ಲೆಗೆ ಚಿಕ್ಕಮಗಳೂರೆಂಬ ಹೆಸರು ಬಂದದ್ದು 1947ರಲ್ಲಿ. ಆಚಾರ್ಯರು ಎಂದೊಡನೆ ಇಂದಿಗೂ ಅನೇಕರ ಕಣ್ಣಮುಂದೆ ಬರುವುದು ಈ ಕಲ್ಪಿತ ಮುಖವೇ.

ದಿನಚರಿ ಓದುತ್ತ ಹೋದಂತೆ ಇನ್ನೊಂದು ಪ್ರಶ್ನೆ ಏಳುತ್ತದೆ. ಈ ಚಿತ್ರಗಳು ಯಾರವು? ಮುಖ, ಮೈಕಟ್ಟು ಅಣ್ಣನದಾದರೆ ಎಷ್ಟೋ ಕಡೆ ಹಿಂದಿನ ಬೆಟ್ಟ, ಮರ, ಆಕಾಶ ತಮ್ಮನದು. ಅವನು ತಾನೇ ಒಳ್ಳೆಯ ನಿಸರ್ಗ ಚಿತ್ರಕಾರ. ಪತ್ರವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದ. ಆದರೂ ಜನರ ಬಾಯಲ್ಲಿ ಉಳಿದದ್ದು ಒಂದೇ ಹೆಸರು. ಇದನ್ನು ಅಣ್ಣನ ದಬ್ಬಾಳಿಕೆ ಎನ್ನಲು ನನಗೆ ಮನಸ್ಸಿಲ್ಲ. ಕೂಡಿ ದುಡಿಯುವ ಕಲಾಶಾಲೆಗಳಲ್ಲಿ ಯಜಮಾನನ ಸಹಿಯೇ ನಡೆಯುವುದು ಯೂರೋಪಿನಲ್ಲೂ ಪದ್ಧತಿಯಾಗಿತ್ತು. ಆದರೆ ತಮ್ಮನ ಪಾಲನ್ನು ನಾವು ಮರೆಯಲು ಅದು ನೆಪವಾಗಬಾರದಿತ್ತು.

ರಾಜರಾಜವರ್ಮ 1905ರ ಜನವರಿಯಲ್ಲಿ ತೀರಿಕೊಂಡ. ಜಗನ್ಮೋಹನ ಅರಮನೆಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರು ಬರೆಸಿದ ಒಂಬತ್ತು ಪೌರಾಣಿಕ ಚಿತ್ರಗಳನ್ನು ರವಿವರ್ಮ ತಮ್ಮನಿಲ್ಲದೆ ಮುಗಿಸಬೇಕಾಯಿತು. 1906ರ ಅಕ್ಟೋಬರ್ 2ರಂದು ಅವನೂ ಕಿಳಿಮಾನೂರಿನಲ್ಲಿ ಕಣ್ಣುಮುಚ್ಚಿದ. ದಿನಚರಿ ಪುಸ್ತಕವಾಗಿ ಅಚ್ಚಾದದ್ದು 2005ರಲ್ಲಿ, ಬರೆದವನು ತೀರಿ ನೂರು ವರ್ಷವಾದ ಮೇಲೆ.