ನಿರ್ಗತಿಕತೆಯಿಂದ ಹಕ್ಕಿನೆಡೆಗೆ: ವೃದ್ಧಾಪ್ಯ ವೇತನ ಮತ್ತು ಇಳಿವಯಸ್ಸಿನ ಮನೋಲೋಕ

ಕನ್ನಡ ಜನಪದರ ಗಾದೆಗಳಲ್ಲಿ ಮುಪ್ಪಿನ ಬಗೆಗೆ ಎರಡು ವಿರುದ್ಧ ನಿಲುವುಗಳು ಕಾಣಸಿಗುತ್ತವೆ. ‘ಹಿರಿಯರಿಲ್ಲದ ಮನೆಯಲ್ಲ, ಗುರುವಿಲ್ಲದ ಮಠವಲ್ಲ’ ಎಂಬುದು ಹಿರಿತನವನ್ನು ಮನೆಯ ಆಧಾರಸ್ತಂಭವೆಂದು ಭಾವಿಸಿದರೆ, ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎಂಬ ಮಾತು ದುಡಿಯುವ ಶಕ್ತಿ ಕಳೆದುಕೊಂಡ ಜೀವಕ್ಕೆ ಸಮುದಾಯ ತೋರುವ ಅಸಡ್ಡೆಯನ್ನು ಹೇಳುತ್ತದೆ. ಅವಿಭಕ್ತ ಕುಟುಂಬದ ಕಾಲದಲ್ಲಿ ಮುದುಕರೆಲ್ಲರೂ ಸುಖವಾಗಿದ್ದರು, ಇಂದು ಎಲ್ಲರೂ ಅನಾಥರಾಗಿದ್ದಾರೆ ಎಂಬ ಸರಳ ತೀರ್ಮಾನಕ್ಕೆ ಈ ಎರಡನೆಯ ಗಾದೆಯೇ ಅಡ್ಡಿಯಾಗುತ್ತದೆ. ಸ್ವಾತಂತ್ರ್ಯೋತ್ತರ ಕಾಲದ ಕಲ್ಯಾಣ ಯೋಜನೆಗಳು ಇಳಿವಯಸ್ಸಿನವರ ಮನಸ್ಸಿನ ಮೇಲೆ ಬೀರಿದ ಪರಿಣಾಮವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಅಗತ್ಯ.

ಪಾರಂಪರಿಕ ಸಮಾಜದಲ್ಲಿ ವಯಸ್ಸು ಅಂಕಿಯಾಗಿರಲಿಲ್ಲ, ಅದು ನೆನಪಾಗಿತ್ತು. ಬರಗಾಲ, ಪ್ಲೇಗು, ಕೆರೆ ಒಡೆದ ವರ್ಷ, ಊರಜಾತ್ರೆ ನಿಂತ ವರ್ಷ ಇವುಗಳ ಜೊತೆ ಹುಟ್ಟನ್ನು ಹೊಂದಿಸಿ ಹೇಳುವುದು ರೂಢಿಯಾಗಿತ್ತು. ಅರವತ್ತು ಸಂವತ್ಸರಗಳ ಚಕ್ರ ಮುಗಿದಾಗ ಷಷ್ಟಿಪೂರ್ತಿ, ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರದರ್ಶನ ಇವು ಅನುಕೂಲಸ್ಥ ಮನೆತನಗಳಲ್ಲಿ ನಡೆಯುತ್ತಿದ್ದವು. ಕೂಲಿ ಮಾಡುವ ಮನೆಗಳಲ್ಲಿ ಇಂಥ ಆಚರಣೆಗಳಿಗೆ ಅವಕಾಶವಿರಲಿಲ್ಲ. ಅಲ್ಲಿ ಹಿರಿಯರ ಮರ್ಯಾದೆ ಅವರ ಕೆಲಸದೊಡನೆ ಬೆಸೆದುಕೊಂಡಿತ್ತು. ಸೂಲಗಿತ್ತಿ, ಮದ್ದು ಬಲ್ಲವಳು, ಸೋಬಾನೆ ಹೇಳುವವಳು, ಬೀಜ ಕಾಪಿಡುವವಳು ಎಂಬ ಸ್ಥಾನಗಳು ಮೈಯ ಶಕ್ತಿ ಕುಂದಿದ ಮೇಲೂ ಒಬ್ಬ ಮುದುಕಿಯನ್ನು ಊರಿಗೆ ಬೇಕಾದವಳನ್ನಾಗಿ ಉಳಿಸುತ್ತಿದ್ದವು. ಹೆರಿಗೆ ಆಸ್ಪತ್ರೆಗೆ, ಬೀಜ ಅಂಗಡಿಗೆ, ಹಾಡು ಧ್ವನಿವರ್ಧಕಕ್ಕೆ ಸೇರಿದಾಗ ಈ ಸ್ಥಾನಗಳು ಒಂದೊಂದಾಗಿ ತೆರವಾದವು. ಸರಕಾರದ ಮಾಸಾಶನ ಹಳ್ಳಿಯನ್ನು ಪ್ರವೇಶಿಸಿದ್ದು ಹೀಗೆ ಸ್ಥಾನಗಳು ತೆರವಾಗುತ್ತಿದ್ದ ಕಾಲದಲ್ಲೇ ಎಂಬುದು ಗಮನಾರ್ಹ.

ಸಂವಿಧಾನದ 41ನೆಯ ಅನುಚ್ಛೇದವು ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವು ನೀಡುವುದನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿಸಿದೆ. ಉತ್ತರ ಪ್ರದೇಶವು 1957ರಲ್ಲಿ, ಕೇರಳವು 1960ರಲ್ಲಿ ವೃದ್ಧಾಪ್ಯ ವೇತನ ಆರಂಭಿಸಿದವು. ಅದೇ ದಶಕದಲ್ಲಿ ಮೈಸೂರು ರಾಜ್ಯವೂ ಈ ಹಾದಿ ಹಿಡಿಯಿತು. 1995ರ ಆಗಸ್ಟ್ 15ರಂದು ಜಾರಿಗೆ ಬಂದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಡಿ ಕೇಂದ್ರ ಸರಕಾರವು 65 ವರ್ಷ ಮೀರಿದವರಿಗೆ ತಿಂಗಳಿಗೆ 75 ರೂಪಾಯಿ ನೀಡತೊಡಗಿತು. ಈ ವೇತನಕ್ಕೆ ಅರ್ಹರಾಗಿಯೂ ಅದು ದೊರೆಯದವರಿಗೆಂದು 2000ದ ಏಪ್ರಿಲ್‌ನಲ್ಲಿ ಬಂದ ಅನ್ನಪೂರ್ಣ ಯೋಜನೆ ತಿಂಗಳಿಗೆ 10 ಕಿಲೋ ಧಾನ್ಯ ಒದಗಿಸಿತು.

1995ರ ಯೋಜನೆಯ ಅರ್ಹತಾ ನಿಯಮ ಇಲ್ಲಿ ಮುಖ್ಯವಾಗುತ್ತದೆ. ಅರ್ಜಿದಾರರು ನಿರ್ಗತಿಕರಾಗಿರಬೇಕಿತ್ತು, ಅಂದರೆ ಸ್ವಂತ ಮೂಲದಿಂದಾಗಲಿ ಕುಟುಂಬದವರ ನೆರವಿನಿಂದಾಗಲಿ ನಿಯತವಾದ ಜೀವನೋಪಾಯ ಇಲ್ಲದವರಾಗಿರಬೇಕಿತ್ತು. ಆಡಳಿತದ ದೃಷ್ಟಿಯಿಂದ ಇದು ಫಲಾನುಭವಿಗಳನ್ನು ಗುರುತಿಸುವ ಕ್ರಮ. ಆದರೆ ಮಕ್ಕಳಿರುವ ತಾಯಿಯ ಪಾಲಿಗೆ ಅದು ‘ಮಗ ನನಗೆ ಅನ್ನ ಹಾಕುತ್ತಿಲ್ಲ’ ಎಂದು ಗ್ರಾಮಲೆಕ್ಕಿಗರ ಎದುರು, ನೆರೆಹೊರೆಯವರ ಸಾಕ್ಷಿಯಲ್ಲಿ ಹೇಳಿಕೊಳ್ಳುವ ಪ್ರಸಂಗವಾಗಿತ್ತು. ಮಗನ ಮರ್ಯಾದೆಯನ್ನು ತನ್ನ ಮರ್ಯಾದೆಯೆಂದು ತಿಳಿದ ತಲೆಮಾರಿಗೆ ಇಂಥ ಹೇಳಿಕೆ ಹಸಿವಿಗಿಂತ ಕಠಿಣವಾದದ್ದು. ಹಸಿವನ್ನು ಕಳೆಯಲೆಂದು ರೂಪಿಸಿದ ನಿಯಮವೇ ಮನಸ್ಸಿನ ಮೇಲೆ ನಾಚಿಕೆಯ ಹೊರೆ ಹೊರಿಸುವಂತಿತ್ತು.

ಈ ದೃಷ್ಟಿಯಿಂದ 2007 ಒಂದು ಮುಖ್ಯ ಘಟ್ಟ. ಆ ವರ್ಷ ಕೇಂದ್ರದ ಯೋಜನೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆ ಎಂಬ ಹೆಸರು ಪಡೆದು, ‘ನಿರ್ಗತಿಕ’ ಎಂಬ ಅರ್ಹತೆಯ ಜಾಗದಲ್ಲಿ ‘ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಸದಸ್ಯ’ ಎಂಬ ಅರ್ಹತೆ ಬಂದಿತು. ಮಗನನ್ನು ದೂರದೆಯೇ ಮಾಸಾಶನ ಕೇಳುವ ದಾರಿ ತೆರೆಯಿತು. ಅದೇ ವರ್ಷ ಕರ್ನಾಟಕ ಸರಕಾರ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯು ಸಣ್ಣ ರೈತರು, ಕೃಷಿಕಾರ್ಮಿಕರು, ನೇಕಾರರು, ಮೀನುಗಾರರು ಮೊದಲಾದವರನ್ನು ಅವರ ಕಸುಬಿನ ಹೆಸರಿನಿಂದಲೇ ಗುರುತಿಸಿತು. ನೆರವು ಪಡೆಯುವವನು ದಿಕ್ಕಿಲ್ಲದವನಲ್ಲ, ಜೀವಮಾನವೆಲ್ಲ ದುಡಿದವನು ಎಂಬ ಅರ್ಥ ಇದರಲ್ಲಿ ಅಡಗಿದೆ. 2011ರಲ್ಲಿ ಕೇಂದ್ರದ ಯೋಜನೆಯ ವಯೋಮಿತಿ 60ಕ್ಕೆ ಇಳಿಯಿತು; 80 ದಾಟಿದವರಿಗೆ ಕೇಂದ್ರದ ಪಾಲು 500 ರೂಪಾಯಿ ಎಂದು ನಿಗದಿಯಾಯಿತು. ಅತಿ ವೃದ್ಧರನ್ನು ಪ್ರತ್ಯೇಕ ವರ್ಗವೆಂದು ನೀತಿ ಗುರುತಿಸಿದ್ದು ಸ್ವಾಗತಾರ್ಹವಾದರೂ ಆ ಮೊತ್ತ ಒಂದು ದಶಕ ಕಳೆದರೂ ಬದಲಾಗದೆ ಉಳಿಯಿತು. ರಾಜ್ಯವು ತನ್ನ ಪಾಲು ಸೇರಿಸಿದ್ದರಿಂದ 2022ರ ಹೊತ್ತಿಗೆ ಕರ್ನಾಟಕದಲ್ಲಿ 65 ದಾಟಿದ ಫಲಾನುಭವಿಗಳಿಗೆ 1,200 ರೂಪಾಯಿ ದೊರೆಯುವಂತಾಯಿತು.

ಈ ಹಣ ಮನಸ್ಸಿಗೆ ಮಾಡಿದ್ದೇನು ಎಂಬ ಪ್ರಶ್ನೆಗೆ ಅದು ಯಾವುದಕ್ಕೆ ಖರ್ಚಾಗುತ್ತದೆ ಎಂಬುದರಲ್ಲಿ ಉತ್ತರವಿದೆ. ಎಲೆ ಅಡಿಕೆ, ನಶ್ಯ, ಮಾತ್ರೆ, ಮೊಮ್ಮಗುವಿಗೆ ತಿಂಡಿ, ಮನೆಗೆ ಬಂದ ಮಗಳ ಕೈಗೆ ಕುಂಕುಮಕ್ಕೆಂದು ಇಡುವ ಪುಡಿಗಾಸು ಇವು ಸಾಮಾನ್ಯವಾಗಿ ಕಾಣುವ ಖರ್ಚುಗಳು. ಕೈಚಾಚುವವರು ಕೊಡುವವರಾಗುವ ಅವಕಾಶ ಇಲ್ಲಿದೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಡುವಾಗ ಅವರು ಇಷ್ಟಪಡುತ್ತಿದ್ದ ಎಲೆ ಅಡಿಕೆ, ಹೊಗೆಸೊಪ್ಪು, ತಿನಿಸುಗಳನ್ನು ಇಡುವುದು ವಾಡಿಕೆ. ಸತ್ತ ಮೇಲೆ ಮನೆಯವರು ನೆನಪಿಸಿಕೊಂಡು ಇಡುವ ಈ ಪದಾರ್ಥಗಳನ್ನೇ ಬದುಕಿರುವಾಗ ಯಾರನ್ನೂ ಬೇಡದೆ ಕೊಳ್ಳಲು ಮಾಸಾಶನ ನೆರವಾಯಿತು ಎಂಬುದು ಅದರ ಮೌಲ್ಯವನ್ನು ಸರಿಯಾಗಿ ತಿಳಿಸುತ್ತದೆ.

ಹಣ ಬರುವ ರೀತಿಯೂ ಅಷ್ಟೇ ಮುಖ್ಯ. ಮನಿಯಾರ್ಡರಿನ ಕಾಲದಲ್ಲಿ ಅಂಚೆಯವನು ಮನೆಬಾಗಿಲಿಗೆ ಬಂದು, ಹೆಸರು ಕೂಗಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಎಣಿಸಿ ಕೊಡುತ್ತಿದ್ದ. ತಡವೂ ಇತ್ತು, ಕೆಲವೆಡೆ ಸೋರಿಕೆಯೂ ಇತ್ತು. ಆದರೂ ಒಬ್ಬ ಮನುಷ್ಯ ಹೆಸರು ಹಿಡಿದು ಹುಡುಕಿಕೊಂಡು ಬರುವ ದಿನ ಅದಾಗಿತ್ತು. ಬ್ಯಾಂಕ್ ಖಾತೆಗೆ ನೇರ ಜಮೆಯಾಗುವ ಕ್ರಮ ಸೋರಿಕೆಯನ್ನು ತಡೆಯಲು ಬಂದಿತು. ಆ ಉದ್ದೇಶ ನ್ಯಾಯವಾದದ್ದೇ. ಆದರೆ ದುಡಿದು ಸವೆದ ಬೆರಳಿನ ಗೆರೆಗಳನ್ನು ಯಂತ್ರ ಗುರುತಿಸದಿದ್ದಾಗ, ಬದುಕಿರುವವರ ಹೆಸರು ಪರಿಷ್ಕರಣೆಯಲ್ಲಿ ಮೃತರ ಪಟ್ಟಿ ಸೇರಿದಾಗ ಆಗುವ ಆಘಾತ ಹಣಕಾಸಿನದು ಮಾತ್ರವಲ್ಲ. ತೊಂಬತ್ತರ ವಯಸ್ಸಿನಲ್ಲಿ ತಾನು ಬದುಕಿದ್ದೇನೆಂದು ನಾಡಕಚೇರಿಯಲ್ಲಿ ರುಜುವಾತುಪಡಿಸಬೇಕಾದ ಸ್ಥಿತಿ ‘ಕಾಡು ಬಾ ಅನ್ನುತ್ತೆ’ ಎಂಬ ಗಾದೆಯ ಆಡಳಿತ ರೂಪವೇ ಆಗುತ್ತದೆ.

ಮನೆಯೊಳಗಿನ ಸಂಬಂಧಗಳ ಮೇಲೂ ಯೋಜನೆಗಳು ಪ್ರಭಾವ ಬೀರಿವೆ. 2007ರ ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು ಮಕ್ಕಳಿಂದ ಜೀವನಾಂಶ ಪಡೆಯುವ ಹಕ್ಕನ್ನು ನೀಡಿತು. ಆದರೆ ದೂರು ಕೊಡುವುದೆಂದರೆ ಮತ್ತೆ ಮಗನ ವಿರುದ್ಧ ಸಾಕ್ಷಿ ನುಡಿಯುವುದೇ ಆದ್ದರಿಂದ ಹಳೆಯ ಸಂಕೋಚ ಇಲ್ಲಿಯೂ ಎದುರಾಗುತ್ತದೆ. 2023ರ ಆಗಸ್ಟ್‌ನಲ್ಲಿ ಜಾರಿಯಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡಲು ಮುಂದಾದಾಗ, ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಚರ್ಚೆ ಎದ್ದಿತು. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯ ಕಾಲನಿರ್ಣಯವನ್ನು ಪಡಿತರ ಚೀಟಿ ಮಾಡುವಂತಾಯಿತು. ಅದೇ ವರ್ಷದ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣದಿಂದ ವಯಸ್ಸಾದ ಹೆಣ್ಣುಮಕ್ಕಳು ಗಂಡುಮಕ್ಕಳ ಕೈಕಾಯದೆ ತವರಿಗೆ, ಮಗಳ ಮನೆಗೆ, ದೇವರ ದರ್ಶನಕ್ಕೆ ಹೊರಡುವುದು ಸುಲಭವಾಯಿತು. ಆದರೆ ಬಸ್ಸಿನ ಮೆಟ್ಟಿಲು ಹತ್ತಲಾಗದ ಅತಿ ವೃದ್ಧೆಯರು ಈ ಪ್ರಯೋಜನದ ಹೊರಗೇ ಉಳಿಯುತ್ತಾರೆ.

ಮನಸ್ಸಿನ ಕಾಯಿಲೆಯ ಪ್ರಮಾಣ ಸಣ್ಣದೇನಲ್ಲ. 2017-18ರಲ್ಲಿ ನಡೆದ ಭಾರತದ ವೃದ್ಧಾಪ್ಯ ಕುರಿತ ದೀರ್ಘಾವಧಿ ಸಮೀಕ್ಷೆಯ ಪ್ರಕಾರ 60 ದಾಟಿದವರಲ್ಲಿ ಶೇಕಡ 8.3ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ವೈದ್ಯರು ಖಿನ್ನತೆಯೆಂದು ಗುರುತಿಸಿದ್ದಾಗಿ ಹೇಳಿದವರು ಶೇಕಡ 0.8 ಮಾತ್ರ. ಈ ಅಂತರಕ್ಕೆ ವೈದ್ಯರ ಕೊರತೆಯೊಂದೇ ಕಾರಣವಲ್ಲ. ಮುದುಕರ ಬೇಸರವನ್ನು ‘ಅರವತ್ತಕ್ಕೆ ಅರಳುಮರಳು’ ಎಂದು ತಳ್ಳಿಹಾಕುವ ಲೋಕರೂಢಿಯೂ ಇದಕ್ಕೆ ಕಾರಣವಾಗಿದೆ ಎನ್ನಬಹುದು.

ಜಾನಪದ ಕಲಾವಿದರ ನಿದರ್ಶನ ಇಲ್ಲಿ ಉಪಯುಕ್ತ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವಾಗಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. 2025ರಲ್ಲಿ ಅವರು ನಿಧನರಾದರು. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಆ ಗೌರವ ಸಂದಾಗ ಅವರ ವಯಸ್ಸು 96. ಇಂಥ ಗೌರವ ಕೆಲವರಿಗಷ್ಟೇ ದೊರೆಯುವಂಥದು. ಆದರೆ ಅವರನ್ನು ಗುರುತಿಸಿದ್ದು ಅವರಲ್ಲಿ ಇದ್ದುದರಿಂದ, ಇಲ್ಲದಿದ್ದುದರಿಂದಲ್ಲ ಎಂಬ ತತ್ತ್ವ ಎಲ್ಲರಿಗೂ ಅನ್ವಯಿಸಬಲ್ಲದು. ಸಂಸ್ಕೃತಿ ಇಲಾಖೆಯು ಕಲಾವಿದರಿಗೆ ಮಾಸಾಶನ ನೀಡುವಾಗ ಕಲೆಯ ಹೆಸರು ಬರೆದುಕೊಳ್ಳುವುದರಲ್ಲಿ ಈ ತತ್ತ್ವದ ಬೀಜವಿದೆ.

ಒಟ್ಟಿನಲ್ಲಿ, ವೃದ್ಧಾಪ್ಯ ವೇತನದ ಚರಿತ್ರೆಯು ಮೊತ್ತದ ಏರಿಕೆಯ ಚರಿತ್ರೆ ಮಾತ್ರವಲ್ಲ; ಹಿರಿಯರನ್ನು ಸರಕಾರ ಯಾವ ಹೆಸರಿನಿಂದ ಕರೆಯಿತು ಎಂಬುದರ ಚರಿತ್ರೆಯೂ ಹೌದು. ನಿರ್ಗತಿಕ ಎಂಬ ಪದ ಅರ್ಹತೆಯಿಂದ ಹೊರಹೋದದ್ದು ಈ ದಾರಿಯ ದೊಡ್ಡ ಹೆಜ್ಜೆ. ಬೆರಳಿನ ಗುರುತು ಸಿಗದ ಮುದುಕಿಯ ಮನೆಗೆ ಕಚೇರಿಯೇ ನಡೆದು ಬರುವ ವ್ಯವಸ್ಥೆ, ಎಂಬತ್ತು ದಾಟಿದವರ ಮೊತ್ತದ ಕಾಲಕಾಲದ ಪರಿಷ್ಕರಣೆ, ಮಾಸಾಶನದೊಡನೆ ಮನಸ್ಸಿನ ಆರೋಗ್ಯದ ವಿಚಾರಣೆ ಇವು ಮುಂದಿನ ಹೆಜ್ಜೆಗಳಾಗಬೇಕು. ಹಾಗಾದಾಗ ಹಿರಿಯರಿಲ್ಲದ ಮನೆಯಲ್ಲ ಎಂಬ ಗಾದೆಗೆ ನಾಡಿನ ಆಡಳಿತದಲ್ಲಿಯೂ ಅರ್ಥ ಬರುತ್ತದೆ.