ಕುದಿಸಿದರೂ ಹೋಗದ ವಿಷ, ಅದನ್ನು ಮುರಿಯುವ ಬ್ಯಾಕ್ಟೀರಿಯಾ

ಕುಂದಾಪುರ, ಬೈಂದೂರು, ಬ್ರಹ್ಮಾವರ, ನಮ್ಮ ಕಡೆ ಯಾವ ಮನೆಗೆ ಹೋದರೂ ನೀರಿನ ಬಗ್ಗೆ ಡೌಟ್ ಬಂದರೆ ಒಂದೇ ಮಾತು: "ಕುದ್ಸಿ ಕುಡಿ ಮಾರಾಯ." ಕಾಲರಾ, ಟೈಫಾಯ್ಡ್ ವಿಷಯದಲ್ಲಿ ಈ ಮಾತು ನೂರಕ್ಕೆ ನೂರು ಸರಿ. ಆದರೆ ಪಾಚಿಯ ವಿಷದ ಮುಂದೆ ಇದು ಸೋಲುತ್ತೆ.

ನಮ್ಮ ಕರಾವಳಿ ಇದನ್ನು 1983ರಲ್ಲೇ ಕಂಡಿದೆ. ಕಾಸರಗೋಡಿನ ಕುಂಬಳೆಯಲ್ಲಿ ಅಳಿವೆಯ ಮರುವಾಯಿ ತಿಂದ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಸಮುದ್ರದ ಕೆಲವು ಸೂಕ್ಷ್ಮ ಪಾಚಿಗಳ ವಿಷ ಮರುವಾಯಿಯ ಮೈಯಲ್ಲಿ ಸೇರಿಕೊಳ್ಳುತ್ತೆ. ಮೊದಲು ತುಟಿ ಜುಮ್ಮೆನ್ನುತ್ತೆ, ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಂತುಹೋಗುತ್ತವೆ. ಎಷ್ಟು ಬೇಯಿಸಿದರೂ ಈ ವಿಷ ಹೋಗಲ್ಲ.

ಅದು ಉಪ್ಪುನೀರಿನ ಕತೆ. ಸಿಹಿನೀರಿನಲ್ಲೂ ಇಂಥದ್ದೇ ಒಂದಿದೆ. ಕೊಳಚೆ, ಗೊಬ್ಬರ ಸೇರಿದ ಕೆರೆಯ ಮೇಲೆ ಬೇಸಿಗೆಯಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗೆ ಕಾಣುತ್ತಲ್ಲ, ಅದು ಕೆಲವೊಮ್ಮೆ ಮೈಕ್ರೋಸಿಸ್ಟಿಸ್. ಅದರ ವಿಷ ಮೈಕ್ರೋಸಿಸ್ಟಿನ್, ನೇರ ಲಿವರ್‌ಗೆ ಹೊಡೆತ. 1996ರಲ್ಲಿ ಬ್ರೆಜಿಲ್‌ನ ಕರುವಾರು ಎಂಬ ಊರಿನ ಡಯಾಲಿಸಿಸ್ ಕೇಂದ್ರಕ್ಕೆ ಇಂಥ ನೀರು ಹೋಗಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿತು: ಲೀಟರಿಗೆ 1 ಮೈಕ್ರೋಗ್ರಾಂ. ಅಂದರೆ 10 ಲಕ್ಷ ಲೀಟರ್ ನೀರಿಗೆ ಬರೀ ಒಂದು ಗ್ರಾಂ!

ಹಾಗಾದರೆ ಪಾಚಿಯನ್ನೇ ಕೊಂದರೆ? ಮೈಲುತುತ್ತ ಹಾಕಿದರೆ ಪಾಚಿ ಸಾಯುತ್ತೆ, ಆದರೆ ಅದರ ಜೀವಕೋಶ ಒಡೆದು ಒಳಗಿನ ವಿಷವೆಲ್ಲ ನೀರಿಗೆ ಸೇರುತ್ತೆ.

ಇಲ್ಲಿ ಕತೆಗೆ ತಿರುವು. 1994ರಲ್ಲಿ ಆಸ್ಟ್ರೇಲಿಯಾದ ಗ್ಯಾರಿ ಜೋನ್ಸ್, ಡೇವಿಡ್ ಬೋರ್ನ್ ಮತ್ತು ಸಂಗಡಿಗರು ನೀರಿನಲ್ಲೇ ಬದುಕುವ ಒಂದು ಬ್ಯಾಕ್ಟೀರಿಯಾ ಈ ವಿಷವನ್ನು ಮುರಿಯುತ್ತೆ ಅಂತ ತೋರಿಸಿದರು. ಎರಡು ವರ್ಷದ ನಂತರ ಅದು ಹೇಗೆ ಅನ್ನೋದೂ ಗೊತ್ತಾಯಿತು. ಮೈಕ್ರೋಸಿಸ್ಟಿನ್ ಏಳು ಮಣಿಗಳ ಬಳೆ ಇದ್ದ ಹಾಗೆ. ಬಿಸಿಗೆ ಜಗ್ಗಲ್ಲ. ಬ್ಯಾಕ್ಟೀರಿಯಾದ ಕಿಣ್ವ ಬಳೆಯನ್ನು ಒಂದೇ ಕಡೆ ಕತ್ತರಿಸುತ್ತೆ. ಅಷ್ಟಕ್ಕೇ ವಿಷದ ಬಲ ಸುಮಾರು 160 ಪಟ್ಟು ಇಳಿಯುತ್ತೆ. ಮುಂದೆ ಉಳಿದ ತುಂಡುಗಳನ್ನೂ ಅದು ಚೂರು ಮಾಡುತ್ತೆ.

ನನಗೆ ಮಜಾ ಅನಿಸಿದ್ದು ಇದು: ಇಂಥ ಬ್ಯಾಕ್ಟೀರಿಯಾಗಳಿಗೆ ಮನೆ ಕಟ್ಟುವ ವಿದ್ಯೆ ಅದಕ್ಕೂ ಎಷ್ಟೋ ಹಳೆಯದು. 1829ರಲ್ಲೇ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ನೀರನ್ನು ಮರಳಿನ ಮೂಲಕ ನಿಧಾನವಾಗಿ ಸೋಸುವ ಘಟಕ ಕಟ್ಟಿದ್ದ. ಆಗ ಬ್ಯಾಕ್ಟೀರಿಯಾ ಏನು ಮಾಡುತ್ತೆ ಅಂತಲೇ ಗೊತ್ತಿರಲಿಲ್ಲ. ಮರಳಿನ ಮೇಲೆ ಕೂರುವ ಲೋಳೆ ಪದರದಲ್ಲೇ ಈ ಕೆಲಸಗಾರರು ಇರೋದು. ಮರಳಿಗೆ ಮೊದಲೇ ಕ್ಲೋರಿನ್ ಹಾಕಿದರೆ ಅವರೂ ಸತ್ತರು!

ಆದರೆ ಇದು ಮ್ಯಾಜಿಕ್ ಅಲ್ಲ. ಈ ಬ್ಯಾಕ್ಟೀರಿಯಾ ಎಲ್ಲ ನೀರಿನಲ್ಲೂ ಇರಲ್ಲ. ಇದ್ದರೂ ಚುರುಕಾಗೋಕೆ ಕೆಲವು ದಿನ ಬೇಕು. ಅಷ್ಟರಲ್ಲಿ ಯಾರೋ ಆ ನೀರು ಕುಡಿದಿರಬಹುದು.

ಹಸಿರೆಲ್ಲ ವಿಷ ಅಲ್ಲ, ಹೆದರಬೇಡಿ. ಆದರೆ ಊರಿನ ಮದಗದಲ್ಲಿ ಬಣ್ಣ ಚೆಲ್ಲಿದಂಥ ಹಸಿರು ಕಂಡರೆ ಈಜಬೇಡಿ, ದನಕ್ಕೆ ಕುಡಿಸಬೇಡಿ, ಪಂಚಾಯಿತಿಗೆ ಹೇಳಿ. "ಕುದಿಸಿದರೆ ಆಯ್ತು" ಅಂತ ಮಾತ್ರ ಹೇಳಬೇಡಿ. ಮತ್ತೆ ಸಿಗೋಣ.